ಮಾತು ಕೇಳದ ಹುಡುಗಿ

ಬಾಲವಾಡಿಯ ಅಕ್ಕೋರು ಸಾಕ್ಷಿಯ ಕೈ ಹಿಡಿದು ತಂದು, ಹೊಸ್ತಿಲಾಚೆಯೇ ನಿಂತು, "ಈಕಿ ಮಾತು ಕೇಳೂದಿಲ್ರಿ. ನಾಳಿಂದ ಕಳಸಬ್ಯಾಡ್ರಿ," ಅಂದು ಹೊರಟುಹೋದಳು.

ಕುಂದಾಬಾಯಿ ಅದನ್ನು ಮನಸ್ಸಿನಲ್ಲೇ ಮರಾಠಿ ಮಾಡಿಕೊಂಡಳು. ಐಕತ ನಾಹಿ. ಕನ್ನಡದಲ್ಲಿ ಹೇಳಿದರೂ ಮರಾಠಿಯಲ್ಲಿ ಹೇಳಿದರೂ ಬೆಳಗಾವಿಯ ಅನಗೋಳದ ಆ ಮನೆಯಲ್ಲಿ ಈ ಮಾತಿಗೆ ಒಂದೇ ಅರ್ಥ: ಹುಡುಗಿ ಹಟಮಾರಿ. ಇನ್ನೇನು ನಾಲ್ಕು ತುಂಬಲಿದ್ದ ಮೊಮ್ಮಗಳ ಬೆನ್ನಿಗೆ ಒಂದು ಗುದ್ದು ಬಿತ್ತು. ಸಾಕ್ಷಿ ಅಳಲಿಲ್ಲ. ತಿರುಗಿ ಅಜ್ಜಿಯ ಮುಖವನ್ನೇ ಒಂದು ಗಳಿಗೆ ನೋಡಿ, ಚಪ್ಪಲಿ ಬಿಟ್ಟು, ಅಡಿಗೆಮನೆಗೆ ಹೋಗಿ ತಾಯಿಯ ಸೆರಗು ಹಿಡಿದು ನಿಂತಳು.

"ನೋಡು, ಹೊಡದ್ರೂ ಹೂಂ ಇಲ್ಲ, ಉಹೂಂ ಇಲ್ಲ," ಕುಂದಾಬಾಯಿ ಸೊಸೆಗೆ ಕೇಳುವಂತೆ ಅಂದಳು. "ಯಾರ ಗುಣ ಬಂದೈತೋ."

ಸೊಸೆ ಮನಿಷಾ ಚಪಾತಿ ಲಟ್ಟಿಸುತ್ತಿದ್ದಳು. ಏನೂ ಅನ್ನಲಿಲ್ಲ. ಈಚೆಗೆ ಅವಳು ಯಾರಿಗೂ ಏನೂ ಅನ್ನುತ್ತಿರಲಿಲ್ಲ.

ಆ ಮನೆಯ ಮಾತೆಲ್ಲ ಮರಾಠಿ. ಇಲ್ಲಿ ಅದನ್ನು ಕನ್ನಡದಲ್ಲಿ ಬರೆದದ್ದು ಓದುವವರ ಸಲುವಾಗಿ. ಕುಂದಾಬಾಯಿಯ ಕನ್ನಡ ಸಂತೆಯಲ್ಲಿ ಬದನೆಕಾಯಿ ಚೌಕಾಸಿಗೆ ಸಾಕಾಗುವಷ್ಟು ಮಾತ್ರ. ಅವಳ ಗಂಡ ಅವಧೂತರಾವ್ ಅಂಚೆ ಕಚೇರಿಯಿಂದ ನಿವೃತ್ತನಾದವನು. ಎರಡೂ ಭಾಷೆಯ ಪೇಪರು ಓದುತ್ತಿದ್ದ, ಓದಿದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ. ಮಗ ತುಷಾರ ಉದ್ಯಮಬಾಗದ ಒಂದು ಕಾರ್ಖಾನೆಯ ಸ್ಟೋರಿನಲ್ಲಿದ್ದ. ಮನಿಷಾ ಖಾನಾಪುರ ತಾಲೂಕಿನ ಗುಂಜಿಯವಳು. ತವರಿನ ಮಾತು ಕನ್ನಡ. ನೆರೆಹೊರೆ ಮರಾಠಿಯದಾದ್ದರಿಂದ ಅದೂ ಬರುತ್ತಿತ್ತು, ಆದರೆ ಅದು ಅಡವಿಯಂಚಿನ ಮರಾಠಿ. ಅವಳು ಬಾಯಿ ತೆರೆದರೆ ಕುಂದಾಬಾಯಿಗೆ ನಗು. ಕುಂದಾಬಾಯಿ ಕೆಟ್ಟವಳಲ್ಲ. ಊರು ಬೆಳಗಾವಿ, ಹೆಸರು ಆ ಊರಿನ ಸಿಹಿತಿಂಡಿ ಕುಂದಾ, ನಾಲಗೆ ಮಾತ್ರ ಖಾರ ಎಂದು ಗಂಡನೇ ಚೇಷ್ಟೆ ಮಾಡುತ್ತಿದ್ದ.

ಸಾಕ್ಷಿಗೆ ಎರಡು ತುಂಬಿದರೂ ಮಾತು ಬಾರದಾಗ, ಗುಂಜಿಗೆ ಹೋಗುವ ದಾರಿಯ ಖಾನಾಪುರದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದ್ದರು. ಅವನು ಕಿವಿಯ ಬುಡದಲ್ಲೇ ಚಪ್ಪಾಳೆ ತಟ್ಟಿದ. ಗಾಳಿ ಕೆನ್ನೆಗೆ ಬಡಿದು ಹುಡುಗಿ ತಿರುಗಿದಳು. "ಕಿವಿ ಛಲೋ ಅದಾವ. ಕೆಲವು ಹುಡುಗ್ರು ತಡಾ ಮಾಡ್ತಾವ," ಅಂದುಬಿಟ್ಟ. ಕಿವಿ ನೆಟ್ಟಗಿದ್ದ ಮೇಲೆ ದೋಷ ಬೇರೆಲ್ಲೋ ಇರಬೇಕಲ್ಲ. ಕುಂದಾಬಾಯಿ ಅದನ್ನು ಹುಡುಕಿ ತೆಗೆದಳು.

"ಒಂದ ತಲ್ಯಾಗ ಎರಡು ಭಾಷಾ ತುಂಬಿದ್ರ ಕೂಸು ಯಾವುದು ಹಿಡೀಬೇಕು, ಯಾವುದು ಬಿಡಬೇಕು? ಅದಕ್ಕ ಬಾಯಿ ಕಟ್ಟೈತಿ. ಮನಿಷಾ, ಇವತ್ತಿನಿಂದ ಅಕಿ ಜೋಡಿ ನಿನ್ನ ಕನ್ನಡ ಬಂದ್. ನಿನ್ನ ಮರಾಠಿನೂ ಬ್ಯಾಡ, ಅದನ್ನ ಕಲತ್ರ ನಾಳಿ ಸಾಲ್ಯಾಗ ನಗ್ತಾರ. ನಾವು ಮಾತಾಡ್ತೇವಿ. ನೀ ಸುಮ್ನಿರು."

"ತಾಯಿ ಸುಮ್ನಿರಬೇಕಂದ್ರ ಹೆಂಗ?" ಪೇಪರಿನ ಹಿಂದಿನಿಂದ ಅವಧೂತರಾವ್ ಕೇಳಿದ.

"ನೀವು ಪೇಪರ ಓದ್ರಿ."

"ಸ್ವಲ್ಪ ದಿನ ನೋಡೂಣು, ಮನಿಷಾ," ಅಂದ ತುಷಾರ. "ಆಯಿ ಹೇಳೂದ್ರಾಗೂ ಅರ್ಥ ಐತಿ."

ಸ್ವಲ್ಪ ದಿನ ಅಂದದ್ದು ವರ್ಷ ದಾಟಿತು.

ಮೊದಮೊದಲು ಮನಿಷಾ ಬಚ್ಚಲಲ್ಲಿ ಮಾತಾಡುತ್ತಿದ್ದಳು. ನಳ ಜೋರಾಗಿ ಬಿಟ್ಟು ಬಾಗಿಲು ಹಾಕಿಕೊಂಡರೆ ಹೊರಗೆ ಏನೂ ಕೇಳಿಸದು. "ಕಣ್ಣು ಮುಚ್ಚ ನನ್ನವ್ವ, ಸಾಬಾಣ ಹೋಗ್ತದ. ಕೈ ಎತ್ತು. ಇದು ಯಾರ ಹೊಟ್ಟಿ?" ಸಾಕ್ಷಿ ತಾಯಿಯ ಬಾಯಿಯಿಂದ ಕಣ್ಣು ಕೀಳುತ್ತಿರಲಿಲ್ಲ. ಕೈ ಎತ್ತು ಅಂದರೆ ಎತ್ತುತ್ತಿದ್ದಳು, ಹೊಟ್ಟೆ ಅಂದರೆ ಹೊಟ್ಟೆ ಮುಟ್ಟಿಕೊಂಡು ನಗುತ್ತಿದ್ದಳು. ಒಂದು ದಿನ ಕುಂದಾಬಾಯಿ ಬಾಗಿಲು ಬಡಿದಳು. "ಬಚ್ಚಲದಾಗ ಕಳ್ಳ ಕನ್ನಡ ನಡದೈತೇನು? ನಾನು ಒಂದು ಕಡೆ ಕಟ್ಟತೇನಿ, ನೀ ಒಂದು ಕಡೆ ಕೆಡವು." ಅಂದಿಗೆ ಅದೂ ನಿಂತಿತು. ಮನಿಷಾ ದೊಡ್ಡವರ ಮಾತು ಕೇಳುವ ಹೆಣ್ಣು. ಅತ್ತೆಯ ಮಾತನ್ನೂ ಕೇಳಿದಳು.

ಸಾಕ್ಷಿ ಆಡಿದ್ದೆಂದು ಎರಡೂ ಮನೆಯವರು ಒಪ್ಪುತ್ತಿದ್ದ ಮಾತು ಒಂದೇ. ತೊಟ್ಟಿಲಲ್ಲಿದ್ದಾಗ "ಆಯಿ" ಅಂದಿದ್ದಳು. ಎಲ್ಲರೂ ಕಿವಿಯಾರೆ ಕೇಳಿದ್ದರು. ಆದರೆ ಮರಾಠಿಯಲ್ಲಿ ಆಯಿ ಅಂದರೆ ತಾಯಿ. ಗುಂಜಿಯಲ್ಲಿ ಮನಿಷಾಳ ಅವ್ವ ಮಾಯಕ್ಕನ ಮನೆಯಲ್ಲಿ ಆಯಿ ಅಂದರೆ ಅಜ್ಜಿ. ಕೂಸು ಮರಾಠಿಯಲ್ಲಿ ತಾಯಿಯನ್ನು ಕರೆದದ್ದೆಂದು ಕುಂದಾಬಾಯಿ. ಕನ್ನಡದಲ್ಲಿ ತನ್ನನ್ನೇ ಕರೆದದ್ದೆಂದು ಮಾಯಕ್ಕ. ಈ ವ್ಯಾಜ್ಯ ಬೀಗಿತ್ತಿಯರ ನಡುವೆ ಫೋನಿನಲ್ಲಿ, ಮದುವೆಯ ಪಂಕ್ತಿಗಳಲ್ಲಿ, ಎಲ್ಲಿ ಸಿಕ್ಕರೆ ಅಲ್ಲಿ ನಡೆದೇ ಇತ್ತು.

ಬಾಲವಾಡಿಯಿಂದ ಬಿಡಿಸಿದ ಸುದ್ದಿ ಗುಂಜಿಗೆ ಮುಟ್ಟಿದ್ದೇ ತಡ, ಮಾಯಕ್ಕ ತುಷಾರನಿಗೆ ಫೋನು ಮಾಡಿದಳು. ರಾತ್ರಿಯ ಊಟಕ್ಕೆ ಎಲ್ಲರೂ ಕೂತಿದ್ದರು.

"ತಾಯಿ ಮಗಳನ್ನ ಇಲ್ಲಿಗೆ ಕಳಸ್ರಿ. ಕನ್ನಡ ಇಲ್ದ ಕೂಸು ಸೊರಗೇತಿ. ಒಂದು ತಿಂಗಳಿದ್ರ ಪಟಪಟ ಮಾತಾಡೂಹಂಗ ಮಾಡ್ತೇನಿ."

"ಕಳಸು," ಕುಂದಾಬಾಯಿ ಆಮಟಿ ಬಡಿಸುತ್ತ ಮಗನಿಗೆ ಹೇಳಿದಳು. "ಅವರೂ ಒಂದು ಕೈ ನೋಡ್ಲಿ."

ಮನಿಷಾ ಖಾನಾಪುರದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಟೆಂಪೊದಲ್ಲಿ ಗುಂಜಿ ಸೇರಿದಳು. ತವರುಮನೆ ರೈಲು ಹಳಿಯ ಮಗ್ಗುಲಿಗೇ ಇತ್ತು. ಅಪ್ಪ ಗುರುಸಿದ್ದ ಎಮ್ಮೆಗಳ ಹಿಂದೆ ಅಡವಿಗೆ ಹೋದರೆ ಸಂಜೆಗೇ ಬರುವವನು. ಹೊಸ್ತಿಲು ದಾಟುವ ಮೊದಲೇ ಮಾಯಕ್ಕ ತನ್ನ ಕಾಯ್ದೆ ಹೇಳಿದಳು: "ಇಲ್ಲಿರೂ ತನಕ ಮರಾಠಿ ಒಂದು ಅಕ್ಷರ ಬಾಯಾಗ ಬರಬಾರದು."

"ಅವ್ವ, ಭಾಷಾದ್ದಲ್ಲ ಅನಸ್ತೈತಿ," ಮನಿಷಾ ರೊಟ್ಟಿ ಬಡಿಯುತ್ತ ಅಂದಳು. ಅವ್ವನ ಮುಂದೆ ಮಾತ್ರ ಅವಳಿಗೆ ಇನ್ನೂ ಬಾಯಿ ಇತ್ತು. "ಅಕ್ಕೋರು ಮಾತು ಕೇಳೂದಿಲ್ಲ ಅಂದ್ರಲ್ಲ, ಅವತ್ತಿನಿಂದ ನನ್ನ ತಲ್ಯಾಗ ಅದ ಕುಂತೈತಿ. ಈಕಿಗೆ ಕಿವಿ ಕೇಳಸ್ತಾವೋ ಇಲ್ಲೋ."

"ಹುಚ್ಚಿ ಅದೀ. ರೈಲು ಬರೂದು ನಮಗಿಂತ ಮೊದಲ ಈಕಿಗೆ ಗೊತ್ತಾಗತೈತಿ. ನಾಯಿ ಕಿವಿ ಎತ್ತೂದ್ರಾಗ ಈಕಿ ಬಾಗಲದಾಗ ಇರ್ತಾಳ."

ಅದು ಸುಳ್ಳಲ್ಲ. ಅಂಗಳದಲ್ಲಿ ಕಲ್ಲು ಜೋಡಿಸುತ್ತ ಕೂತ ಸಾಕ್ಷಿ ಇದ್ದಕ್ಕಿದ್ದಂತೆ ಎದ್ದು ಬೇಲಿಗೆ ಓಡುತ್ತಿದ್ದಳು. ಅವಳು ಬೇಲಿ ಮುಟ್ಟುವಷ್ಟರಲ್ಲಿ ಲೋಂಡಾ ಕಡೆಯ ಗೂಡ್ಸು ತಿರುವಿನಲ್ಲಿ ಕಾಣಿಸುತ್ತಿತ್ತು. ಅದನ್ನು ನೋಡಿದಾಗ ಮನಿಷಾಗೆ ಉಸಿರು ನಿರಾಳವಾಗುತ್ತಿತ್ತು. ರೈಲು ಕೇಳುವ ಕಿವಿಗೆ ತಾಯಿ ಕೇಳಿಸದಿರುವುದೆ?

ಗುರುಸಿದ್ದ ಮೊಮ್ಮಗಳಿಗೆಂದು ಹಿತ್ತಿಲ ಹಲಸಿನ ಕೊಂಬೆಗೆ ಹಗ್ಗ ಕಟ್ಟಿ ಜೋಕಾಲಿ ಮಾಡಿಕೊಟ್ಟ. ಒಂದು ಮಧ್ಯಾಹ್ನ ಮನಿಷಾ ಮಗಳನ್ನು ಅದರಲ್ಲಿ ಕೂರಿಸಿ ತೂಗುತ್ತಿದ್ದಾಗ ಗೂಡ್ಸು ಬಂತು. ಉದ್ದಕ್ಕೆ ಹಾರ್ನ್ ಹಾಕಿತು. ಕೊಟ್ಟಿಗೆಯ ಎಮ್ಮೆಕರು ಬೆದರಿ ಹಗ್ಗ ಜಗ್ಗಿತು. ಸಾಕ್ಷಿ ಹಳಿಗೆ ಬೆನ್ನು ಮಾಡಿ, ತನ್ನ ಕಾಲ್ಬೆರಳು ಮೇಲೇರಿ ಇಳಿಯುವುದನ್ನು ನೋಡುತ್ತ ನಗುತ್ತಲೇ ಇದ್ದಳು. ತಿರುಗಲಿಲ್ಲ.

ಮನಿಷಾ ಜೋಕಾಲಿ ನಿಲ್ಲಿಸಿದಳು. ಹುಡುಗಿಯ ಪಾದ ನೆಲಕ್ಕೆ ತಾಗಿತು. ತಾಗಿದ್ದೇ ಸಾಕ್ಷಿ ಸರ್ರನೆ ತಿರುಗಿ ಬೇಲಿಗೆ ಓಡಿದಳು.

ಸಂಜೆಯ ಪ್ಯಾಸೆಂಜರಿಗೆ ಮನಿಷಾ ಮಗಳನ್ನು ಬೇಕೆಂದೇ ಸೊಂಟಕ್ಕೇರಿಸಿಕೊಂಡು, ಹಳಿಗೆ ಅವಳ ಬೆನ್ನು ಮಾಡಿ ನಿಂತಳು. ಹಾರ್ನ್ ಕೂಗಿತು. ಸಾಕ್ಷಿ ತಾಯಿಯ ಕರಿಮಣಿಯ ಜೊತೆ ಆಡುತ್ತಿದ್ದಳು. ಕೆಳಗಿಳಿಸಿದಳು. ಸಾಕ್ಷಿ ತಿರುಗಿದಳು. ಮಾಯಕ್ಕ ಸಗಣಿ ಕೈಯಲ್ಲೇ ನಿಂತು ಇದನ್ನೆಲ್ಲ ನೋಡಿದಳು.

"ಅವ್ವ, ಈಕಿ ಕಿವೀಲೆ ಕೇಳೂದಿಲ್ಲ. ಕಾಲೀಲೆ ಕೇಳ್ತಾಳ."

"ಹಂಗ ಅನಬ್ಯಾಡ."

"ನಿನ್ನ ಕಣ್ಣೆದುರಿಗೇ ಆತಲ್ಲ."

"ಮತ್ತ ನನ್ನ ಆಯಿ ಅಂತ ಕರದಿದ್ಲಲ್ಲ," ಅಂದಳು ಮಾಯಕ್ಕ. ಅವಳ ದನಿ ಸಣ್ಣದಾಗಿತ್ತು. ಕೈ ತೊಳೆಯುವುದನ್ನೂ ಮರೆತು ಕೊಟ್ಟಿಗೆಯಲ್ಲೇ ಕೂತುಬಿಟ್ಟಳು.

ಮರುದಿನವೇ ಮನಿಷಾ ಬೆಳಗಾವಿಗೆ ಬಂದಳು. ತಿಂಗಳಿಗೆಂದು ಹೋದವಳು ವಾರಕ್ಕೆ ಬಂದದ್ದು ಕಂಡು ಕುಂದಾಬಾಯಿ ಗೆದ್ದ ನಗು ನಕ್ಕಳು. ಮನಿಷಾ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಗಂಡನಿಗೆ, "ನಾಳಿ ರಜಾ ಹಾಕ್ರಿ. ದವಾಖಾನಿಗೆ ಹೋಗೂದೈತಿ," ಅಂದಳು. ಅವಳು ಹಾಗೆ ಹೇಳಿದ್ದು ಅದೇ ಮೊದಲು. ತುಷಾರ ರಜೆ ಹಾಕಿದ.

ದೊಡ್ಡ ದವಾಖಾನೆಯಲ್ಲಿ ಕಿವಿಯ ಪರೀಕ್ಷೆ ಮಾಡುವ ನಾಗರತ್ನಾ ಎಂಬವಳು ಸಾಕ್ಷಿಗೆ ನಿದ್ದೆಯ ಔಷಧ ಕುಡಿಸಿ ಮಲಗಿಸಿದಳು. ಹಣೆಗೆ, ಕಿವಿಯ ಹಿಂದಕ್ಕೆ ಸಣ್ಣ ತಂತಿ ಅಂಟಿಸಿದಳು. ಯಂತ್ರ ಕಿವಿಯೊಳಗೆ ಸಪ್ಪಳ ಕಳಿಸುತ್ತದೆ, ಮಿದುಳಿಗೆ ಮುಟ್ಟಿದರೆ ಪರದೆಯ ಮೇಲಿನ ಗೆರೆ ಅಲೆಯಾಗಿ ಏಳುತ್ತದೆ ಎಂದು ಮೊದಲೇ ಹೇಳಿದ್ದಳು. ಗಂಡ ಹೆಂಡತಿ ಇಬ್ಬರೂ ಪರದೆಯನ್ನೇ ನೋಡುತ್ತ ಕೂತರು. ಸಪ್ಪಳ ಏರಿಸಿದಳು, ಮತ್ತೂ ಏರಿಸಿದಳು. ಗೆರೆ ಮಲಗಿದ ಹಾಗೆಯೇ ಇತ್ತು. ಇನ್ನೊಂದು ಕಿವಿಗೆ ಹಾಕಿದಳು. ಅದೂ ಅಷ್ಟೇ.

"ಎರಡೂ ಕಿವಿ ಕೇಳಸೂದಿಲ್ರಿ. ಹುಟ್ಟಿದಾಗಿಂದ ಇರಬೇಕು," ಅಂದಳು ನಾಗರತ್ನಾ. "ಕೂಸಿದ್ದಾಗ ಬಾಯಿಲೆ ಏನರ ಸಪ್ಪಳ ಮಾಡತಿದ್ಲಾ?"

"ಆಯಿ ಅಂದಿದ್ಲು. ಎಲ್ಲಾರೂ ಕೇಳೇವಿ," ಅಂದ ತುಷಾರ.

"ಕಿವಿ ಕೇಳದ ಕೂಸುಗೋಳೂ ಆ ವಯಸ್ಸಿನ್ಯಾಗ ಆ, ಈ ಅಂತಾವ್ರಿ. ತಮ್ಮ ಸಪ್ಪಳ ತಮಗ ಕೇಳಸೂದಿಲ್ಲಲ್ಲ, ಮುಂದ ತಾವ ನಿಲ್ಲಸ್ತಾವ. ಅದು ಮಾತಲ್ಲ."

"ಹಂಗಾದ್ರ ಅಕಿ ಯಾರನ್ನೂ ಕರದಿದ್ದಿಲ್ಲ," ಅಂದಳು ಮನಿಷಾ.

ತುಷಾರ ಕುರ್ಚಿಯಲ್ಲಿ ಮುಂದಕ್ಕೆ ಸರಿದ. "ಮನ್ಯಾಗ ಎರಡು ಭಾಷಾ ಅದಾವ್ರಿ. ಅದರಿಂದ ಹಿಂಗಾತೇನು?"

"ಹತ್ತು ಭಾಷಾ ಮಾತಾಡಿದ್ರೂ ಕಿವಿ ಹೋಗೂದಿಲ್ರಿ. ಮಾತಾಡೂದು ಬಿಟ್ರ ಲುಕ್ಸಾನು. ಇಂಥಾ ಹುಡುಗ್ರು ಬಾಯಿ ನೋಡಿ ಎಷ್ಟೋ ತಿಳಕೋತಾವ. ಅಕಿ ಜೋಡಿ ಹೆಚ್ಚು ಮಾತಾಡೋರು ಯಾರು, ತಾಯಿ ಹೌದಲ್ಲೋ?"

ತುಷಾರ ನೆಲ ನೋಡಿದ. ಮನಿಷಾ ಮಲಗಿದ ಮಗಳ ಹಣೆಯ ಮೇಲಿನ ಅಂಟನ್ನು ಉಗುರಿನಿಂದ ಕೆರೆಯುತ್ತಿದ್ದಳು. ಬಚ್ಚಲಲ್ಲಿ ಕೈ ಎತ್ತು ಅಂದರೆ ಎತ್ತುತ್ತಿದ್ದ ಮಗಳು ಕಣ್ಣ ಮುಂದೆ ಬಂದಳು.

ಎರಡೂ ಕಿವಿಗೆ ಮಷಿನ್ ಹಾಕಬೇಕು, ಎಚ್ಚರಿರುವಷ್ಟು ಹೊತ್ತು ಇಡಬೇಕು, ಸ್ನಾನಕ್ಕೆ ಮಾತ್ರ ತೆಗೆಯಬೇಕು ಎಂದು ನಾಗರತ್ನಾ ತಿಳಿಸಿದಳು. ಅದರಿಂದ ಕೇಳದಿದ್ದರೆ ಕಿವಿಯೊಳಗೆ ಯಂತ್ರ ಕೂರಿಸುವ ಆಪರೇಶನ್ ಇದೆ. "ವಯಸ್ಸು ಹೋದಂಗ ಮಿದುಳು ಮಾತು ಕಲಿಯೂದು ಕಡಿಮಿ ಆಗ್ತದ. ಈಗಾಗಲೇ ತಡಾ ಆಗೇದ. ಮಷಿನ್ ಹಾಕಿದ್ರೂ ಆಪರೇಶನ್ ಮಾಡಿದ್ರೂ, ತಾಯಿ ಮುಖ ಎದುರಿಗಿಟ್ಟು ಇಡೀ ದಿನ ಮಾತಾಡಬೇಕು. ನಿಮಗ ಸರಾಗ ಬರೂ ಭಾಷಾದಾಗ."

ಆ ರಾತ್ರಿ ಅನಗೋಳದ ಮನೆಯಲ್ಲಿ ಅನ್ನ ತಟ್ಟೆಯಲ್ಲೇ ಆರಿತು.

"ನಮ್ಮ ಮನೆತನದಾಗ ಕಿವುಡ್ರು ಯಾರೂ ಇಲ್ಲ," ಕುಂದಾಬಾಯಿ ಶುರು ಮಾಡಿದಳು.

"ನಮ್ಮಲ್ಲೂ ಇಲ್ಲ," ಅಂದಳು ಮನಿಷಾ.

"ಬಾಯಿ ಬಂತು ನೋಡು ಈಗ. ಮಷಿನ್ ಬೇಕಾದ್ರ ಹಾಕ್ರಿ. ತಲಿ ಕೊಯ್ಯಾಕ ಮಾತ್ರ ನಾ ಕೊಡೂದಿಲ್ಲ. ಮತ್ತ ಆ ಡಾಕ್ಟರಬಾಯಿ ಕನ್ನಡದಕಿ ಇರಬೇಕು, ಅದಕ್ಕ ನಿನ್ನ ಭಾಷಾದಾಗ ಮಾತಾಡು ಅಂದಾಳ. ಹುಡುಗಿ ಹೋಗೂದು ಮರಾಠಿ ಸಾಲಿಗೆ."

"ಮೊದಲು ಮಷಿನ್ ಹಾಕೂಣು. ಉಳಿದದ್ದು ಆಮ್ಯಾಲ ನೋಡೂಣು," ಅಂದ ತುಷಾರ.

ಅವಧೂತರಾವ್ ಕೈಯ ತುತ್ತನ್ನು ತಟ್ಟೆಗೆ ಹಾಕಿದ. "ನೋಡೂಣು ನೋಡೂಣು ಅಂತ ಕೂಸಿಗೆ ನಾಕು ವರ್ಷ ಆತು. ಅಕಿ ಯಾವ ಸಾಲಿಗೆ ಹೋಗಾಕಿ ಅಂತ ಜಗಳಾಡಾಕತ್ತೀರಿ. ಅಕಿಗೆ ತನ್ನ ಹೆಸರರ ಗೊತ್ತೈತೇನು, ಕೇಳ್ರಿ." ಹೇಳಿ ಎದ್ದು ಕೈ ತೊಳೆದುಕೊಂಡ. ಇಷ್ಟು ಮಾತಾಡಿದ್ದಕ್ಕೆ ಅವನಿಗೇ ಗಾಬರಿಯಾಗಿತ್ತೇನೋ, ಮತ್ತೆ ವಾರವಿಡೀ ಪೇಪರಿನಿಂದ ತಲೆ ಎತ್ತಲಿಲ್ಲ.

ಮಷಿನ್ ಬಂತು. ಸಾಕ್ಷಿ ಅದನ್ನು ಕಿತ್ತು ಕಿತ್ತು ಒಗೆದಳು. ಒಮ್ಮೆ ಒಂದು ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಮನಿಷಾ ತಾಳ್ಮೆಯಿಂದ ಮತ್ತೆ ಮತ್ತೆ ಹಾಕಿದಳು. ಹಾಕುವುದು ಬಂತು, ಮಾತಾಡುವುದೇ ಬರಲಿಲ್ಲ. ಮಗಳ ಎದುರು ಕೂತು ಬಾಯಿ ತೆರೆದರೆ "ಬಾ", "ಉಣ್ಣು", "ತಗೋ" ಅಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಅತ್ತೆ ಅಡಿಗೆಮನೆಯಲ್ಲಿ ಪಾತ್ರೆ ಸರಿಸಿದ ಸಪ್ಪಳ ಬಂದರೂ ನಾಲಗೆ ತಾನಾಗಿಯೇ ಒಳಗೆ ಹೋಗುತ್ತಿತ್ತು. ಬೈದು ಕಲಿಸಿದ್ದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಮಾತಿನ ತರಬೇತಿಗೆ ಹೋದಾಗ ನಾಗರತ್ನಾ ಇಬ್ಬರನ್ನೂ ಎದುರುಬದುರು ಕೂರಿಸಿ ನೋಡಿದಳು.

"ನನ್ನ ಬಾಯಿ ನೋಡ್ತಾಳ. ನಿಮ್ಮದು ನೋಡವಲ್ಲಳು. ನಿಮ್ಮ ಕೈ ಅಷ್ಟ ನೋಡ್ತಾಳ. ಯಾಕ್ರಿ?"

ಮನಿಷಾಗೆ ಗೊತ್ತಿತ್ತು. ತಾಯಿಯ ಬಾಯಿಂದ ಏನೂ ಬರುವುದಿಲ್ಲ, ಕೊಡುವುದೆಲ್ಲ ಕೈಯಿಂದಲೇ ಎಂಬುದನ್ನು ಸಾಕ್ಷಿ ಆ ಒಂದು ವರ್ಷದಲ್ಲಿ ಕಲಿತುಬಿಟ್ಟಿದ್ದಳು. ಮಷಿನ್ ಹಾಕಿಯೂ ಕೇಳುವ ಲಕ್ಷಣ ಕಾಣುತ್ತಿಲ್ಲ, ಆಪರೇಶನ್ನಿಗೆ ಬೇಗ ಮನಸ್ಸು ಮಾಡಿ ಎಂದು ನಾಗರತ್ನಾ ತುಷಾರನಿಗೆ ಹೇಳಿದಳು. ತುಷಾರ ಮನೆಗೆ ಬಂದು ಹೇಳಿದ. ಕುಂದಾಬಾಯಿ ಒಲ್ಲೆ ಅಂದಳು. "ನಿನ್ನೆ ನಾ ತಾಳ ಬಾರಿಸಿದಾಗ ತಿರುಗಿ ನೋಡಿದ್ಲು. ಕೇಳಸಾಕ ಹತ್ತೈತಿ ಅಕಿಗೆ." ತಾಳ ಬಾರಿಸುವವಳ ನೆರಳು ಗೋಡೆಯ ಮೇಲೆ ಬಿದ್ದದ್ದನ್ನು ಮನಿಷಾ ಕಂಡಿದ್ದಳು. ಹೇಳಿದರೆ ನಂಬುವವರಿರಲಿಲ್ಲ. ದಿನಗಳು ಹೀಗೆಯೇ ಕಳೆಯುತ್ತಿದ್ದವು.

ಒಂದು ಮಧ್ಯಾಹ್ನ ಊಟದ ಪಾತ್ರೆ ತಿಕ್ಕಿಟ್ಟು ಮನಿಷಾ ಮಗಳನ್ನು ಕರೆದುಕೊಂಡು ಬಚ್ಚಲಿಗೆ ಹೋದಳು. ನಳ ಬಿಡಲಿಲ್ಲ, ಬಟ್ಟೆ ಬಿಚ್ಚಲಿಲ್ಲ, ಕಿವಿಯ ಮಷಿನ್ ತೆಗೆಯಲಿಲ್ಲ. ಬಾಗಿಲು ಹಾಕಿ, ಮಣೆಯ ಮೇಲೆ ಕೂತು, ಸಾಕ್ಷಿಯನ್ನು ಎದುರಿಗೆ ನಿಲ್ಲಿಸಿಕೊಂಡಳು. ಆ ನಾಲ್ಕು ಗೋಡೆಯೊಳಗೆ ಮಾತು ಬರಬಹುದೆಂದು ಅವಳಿಗೆ ಅನಿಸಿತ್ತು.

"ಕೈ ಎತ್ತು ನನ್ನವ್ವ."

ಸಾಕ್ಷಿ ತಾಯಿಯ ಕೈ ನೋಡಿದಳು. ಕೈಯಲ್ಲಿ ಏನೂ ಇರಲಿಲ್ಲ.

"ಇಲ್ಲ, ಇಲ್ಲಿ ನೋಡು. ಇದು ಯಾರ ಹೊಟ್ಟಿ? ಯಾರದಿದು? ಗುಂಜ್ಯಾಗ ಜೋಕಾಲಿ ಆಡಿದ್ದಿ ನೆನಪೈತಿ? ಅಜ್ಜ ಕಟ್ಟಿದ್ದು? ಎಮ್ಮಿಕರ ಹೆಂಗ ಜಿಗೀತಿತ್ತು?" ಒಂದರ ಹಿಂದೆ ಒಂದು ಮಾತು ಬಂದವು. ಸಾಕ್ಷಿಯ ಕಣ್ಣು ನಿಧಾನಕ್ಕೆ ಮೇಲೇರಿ ತಾಯಿಯ ಬಾಯಿಯ ಮೇಲೆ ನಿಂತಿತು.

ಅಷ್ಟರಲ್ಲಿ ಬಾಗಿಲು ದಡದಡ ಅಂದಿತು. "ಏನು ನಡದೈತಿ ಒಳಗ? ನೀರಿನ ಸಪ್ಪಳಿಲ್ಲ ಏನಿಲ್ಲ."

ಸಾಕ್ಷಿ ತಿರುಗಿ ಬಾಗಿಲು ನೋಡಿದಳು.

ಮನಿಷಾ ಮಾತು ನಿಲ್ಲಿಸಿದಳು. ಕೇಳಿಸಿತೇ? ಕಿವಿಯಲ್ಲಿ ಮಷಿನ್ ಇತ್ತು. ಹೊರಗಿನಿಂದ ಕುಂದಾಬಾಯಿಯೂ ಬಾಗಿಲ ಸಂದಿಯಲ್ಲಿ ಇದನ್ನು ಕಂಡಿದ್ದಳು. "ತಿರುಗಿದ್ಲು. ನಾ ಬಡದದ್ದಕ್ಕ ತಿರುಗಿದ್ಲು. ನೋಡಿದ್ಯಾ?"

ಮನಿಷಾ ಕೆಳಗೆ ನೋಡಿದಳು. ಸಾಕ್ಷಿಯ ಬರಿಗಾಲು ಹಾಸುಗಲ್ಲಿನ ಮೇಲಿದ್ದವು. ಬೆನ್ನು ಬಾಗಿಲಿಗೆ ತಾಗಿತ್ತು. ಅವಳು ಮಗಳನ್ನು ಎತ್ತಿ, ಕಾಲು ನೆಲಕ್ಕೆ ತಾಗದಂತೆ ತೊಡೆಯ ಮೇಲೆ ಕೂರಿಸಿಕೊಂಡಳು.

"ಆಯಿ, ಇನ್ನೊಮ್ಮೆ ಬಡೀರಿ."

ಕುಂದಾಬಾಯಿ ಬಡಿದಳು. ಸಾಕ್ಷಿ ತಾಯಿಯ ಬಾಯಿಯನ್ನೇ ನೋಡುತ್ತಿದ್ದಳು.

"ಇನ್ನೂ ಜೋರ ಬಡೀರಿ."

ಹೊರಗೆ ಏನೋ ಕೈಗೆತ್ತಿಕೊಂಡ ಸಪ್ಪಳ. ಈ ಸಲ ಬಾಗಿಲ ಚಿಲಕ ಕುಣಿಯುವಂತೆ ಪೆಟ್ಟು ಬಿತ್ತು, ಒಂದರ ಮೇಲೊಂದು. ಮನಿಷಾಳ ಕಿವಿ ಗುಂಯ್‌ಗುಟ್ಟಿತು. ಸಾಕ್ಷಿ ಕೈ ಚಾಚಿ, ಯಾಕೆ ನಿಲ್ಲಿಸಿದೆ ಎನ್ನುವಂತೆ ತಾಯಿಯ ತುಟಿ ಮುಟ್ಟಿದಳು.

"ಬಡಿಯೂದ್ರಾಗ ಕಾಣಲಿಲ್ಲ. ತಿರುಗಿದ್ಲಾ?" ಕುಂದಾಬಾಯಿ ಏದುಸಿರು ಬಿಡುತ್ತ ಕೇಳಿದಳು.

"ಇಲ್ಲ."

"ಮತ್ತೊಮ್ಮೆ ಬಡೀಲೇನು?"

"ಬ್ಯಾಡ್ರಿ. ಸಾಕು."

ಮನಿಷಾ ಕೂತಲ್ಲಿಂದಲೇ ಕೈ ಚಾಚಿ ಚಿಲಕ ತೆಗೆದಳು. ಕುಂದಾಬಾಯಿ ಲಟ್ಟಣಿಗೆ ಹಿಡಿದುಕೊಂಡು ನಿಂತಿದ್ದಳು. ಸೊಸೆಯ ತೊಡೆಯ ಮೇಲೆ ಕಾಲು ಮಡಚಿ ಕೂತ ಮೊಮ್ಮಗಳನ್ನು ನೋಡಿದಳು, ನೆಲ ನೋಡಿದಳು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಲ್ಲೇ ಬಚ್ಚಲ ಹೊಸ್ತಿಲ ಮೇಲೆ ಕುಸಿದು ಕೂತಳು.

ಆಮೇಲೆ ಅವಳು ಮಾತಾಡಿದ್ದು ಕನ್ನಡದಲ್ಲಿ, ಸಂತೆಯಲ್ಲಿ ಕಲಿತ ಆ ಹರಕು ಕನ್ನಡದಲ್ಲಿ.

"ನಾ ಮಾತಾಡಬ್ಯಾಡ ಅಂದೆ," ಅಂದಳು. "ನಾ ಅಂದೆ. ನೀ ಯಾಕ ಕೇಳಿದಿ?"

ಮನಿಷಾ ಅತ್ತೆಯ ಮುಖ ನೋಡಿದಳು. ಸಾಕ್ಷಿ ತಾಯಿಯ ತುಟಿಯ ಮೇಲಿಟ್ಟ ಬೆರಳನ್ನು ತೆಗೆಯದೆ, ಮುಂದಿನ ಮಾತಿಗೆ ಕಾಯುತ್ತ ಕೂತಿದ್ದಳು.